ಎಂಬತ್ತನೇ ಬಾಗಿಲು

ಮಂಡಕ್ಕಿ ಭಟ್ಟಿ ಲೇಔಟಿನಲ್ಲಿ, ಸಂಘದ ಮಹಡಿ ಮೇಲೆ
ಇರುವುದೊಂದೇ ಯಂತ್ರ,
ಅದರ ಮೇಜಿನ ಕಾಲಿಗೂ ಇಟ್ಟಿಗೆ ಚೂರು.
ಹಳೆ ಸರ್ವರು ಹಾಲೇಶಪ್ಪ ಕೂರಿಸಿ ಹೋದದ್ದು.
ತೇಕುತ್ತದೆ. ಸುಳ್ಳು ದರ ಹೇಳಿದ್ದಿಲ್ಲ.

ಹೊಸದನ್ನು ನಾನು ತಂದು ಎಬ್ಬಿಸಿದೆ.
'ಈ ವಿಳಾಸದಲ್ಲಿ ಆಗಲೇ ಯಾರೋ ಇದ್ದಾರೆ'
ಅಂದು ಮಲಗಿತು, ಮೂರು ಸಲ.
ಎರಡಕ್ಕೂ ಬೇಕಾದದ್ದು ಎಂಬತ್ತನೇ ಬಾಗಿಲೇ.

'ಹಳೇದನ್ನ ಕೊಂದ್ ಬಿಡ್ರೀ ಮೇಡಂ,'
ಕಾರ್ಯದರ್ಶಿಯ ಮಗ, ಬಾಯಿ ತುಂಬ ಖಾರಾ ಮಂಡಕ್ಕಿ.
ಬೆರಳು ಕೀಲಿಯ ಮೇಲಿತ್ತು.
ಸುಮ್ಮನೆ ಲಾಗ್ ತೆರೆದೆ:

ದಿನಾ ನಸುಕಿನ ನಾಲ್ಕು ಹತ್ತಕ್ಕೆ
ಯಾರೋ ಒಬ್ಬರು, ಜಗಳೂರೋ ಹರಿಹರವೋ ತಿಳಿಯದು,
ಬಾಗಿಲು ತಟ್ಟಿ, ಭತ್ತದ ದರ ಕೇಳಿ, ಹೋಗುತ್ತಾರೆ.
ಆರು ವರ್ಷದಿಂದ.
ಭಾನುವಾರವೂ.

ಕಿಟಕಿಯ ಕೆಳಗೆ ಮಾಬುನ್ನಿ ಹೊಟ್ಟಿನ ಉರಿ ಏರಿಸಿದಳು.
ಒಂದೇ ಬಾಣಲೆ, ಕಾದ ಮರಳು, ಅದರೊಳಗೇ ಅಕ್ಕಿ.
ಚಟಪಟ ಅರಳಿದ್ದೇ ತಡ
ಜರಡಿಗೆ ಸುರಿದಳು:
ಮರಳು ಮರಳಿನ ಪಾಡಿಗೆ ಕೆಳಗೆ,
ಮಂಡಕ್ಕಿ ಮೇಲೆ.

ಅಷ್ಟೇ ತಾನೆ.
ಹೊಸದನ್ನು ಬಾಗಿಲಲ್ಲಿ ನಿಲ್ಲಿಸಿದೆ.
ಹಳೆಯದಕ್ಕೆ ಹಿತ್ತಲಲ್ಲಿ ಎಂಟು ಸಾವಿರದ ಎಂಬತ್ತು.
ಹಳೆ ಪ್ರಶ್ನೆ ಬಂದರೆ ತಿರುಗಿ ಒಳಗೆ ಕೇಳಿ ಹೇಳು ಅಂತ
ನಾಲ್ಕು ಸಾಲು ಬರೆದೆ,
ಮೂರನೆಯದರಲ್ಲಿ ಅರ್ಧವಿರಾಮ ಮರೆತು
ರಾತ್ರಿ ಒಂಬತ್ತಾಯಿತು.

ಮರುದಿನ ಲಾಗ್ ನೋಡಿದೆ.
ನಾಲ್ಕು ಹತ್ತು. ಬಂದಿದ್ದಾರೆ.
ದರ ಪಡೆದಿದ್ದಾರೆ.
ಹೊಸ ಬಾಗಿಲೆಂದು ಗೊತ್ತೇ ಆಗಿಲ್ಲ.

'ಕೊಂದ್ರಾ?' ಅಂದ ಹುಡುಗ.
ಯಂತ್ರದ ಫ್ಯಾನು ಒಂದು ಸ್ಥಾಯಿ ಮೇಲಕ್ಕೇರಿತು.
ನಾನು ಮಂಡಕ್ಕಿಗೆ ಕೈ ಚಾಚಿದೆ.