ಹಲ್ಲುಚಕ್ರ

ಶಿವಾಜಿನಗರದ ಗುಜರಿಯಲ್ಲಿ
ಒಡೆದ ಕಮೋಡುಗಳ ಸಾಲಿನ ಹಿಂದೆ
ಕತ್ತು ಬಗ್ಗಿಸಿ ನಿಂತಿತ್ತು,
ಎಮ್ಮೆಕರುವಿಗಿಂತ ಒಂದಿಷ್ಟು ದೊಡ್ಡದು.
ತೋಟದ ಟ್ರ್ಯಾಕ್ಟರು. ಯಾವ ಕಾಲದ್ದೋ.
ಹೆಸರಿನ ತಗಡಿನಲ್ಲಿ ಉಳಿದದ್ದು ಎರಡೂವರೆ ಅಕ್ಷರ,
ಹೊಟ್ಟೆಯಡಿ ಹುಲ್ಲು ಕೊಯ್ಯುವ ಬ್ಲೇಡು ತುಕ್ಕು ಹಿಡಿದು,
ಸೀಟಿನ ಸ್ಪಂಜಿನೊಳಗೆ ಇಲಿಯ ಬಾಣಂತನ.

"ತೂಕಕ್ಕೆ ಕೊಡ್ತೀನಿ," ಅಂದ ಮುನವ್ವರ್,
"ಇಲಿ ಫ್ರೀ."
ಕೊಂಡೆ. ಯಾಕೆ ಅಂತ ಕೇಳಬೇಡಿ,
ಸುಗುಣ ಕೇಳಿ ಆಗಿದೆ.
ನಮಗಿರುವ ತೋಟವೆಂದರೆ
ಪೇಂಟಿನ ಡಬ್ಬಿಯಲ್ಲಿ ಒಂದು ಕರಿಬೇವು.

ನಾನು ಹಲ್ಲು ಮಾಡುವವನು.
ಡಾಕ್ಟರಲ್ಲ. ಡಾಕ್ಟರು ಬಾಯಿ ನೋಡುತ್ತಾರೆ,
ನನಗೆ ಬರುವುದು ಅಚ್ಚು ಮಾತ್ರ,
ಚೀಟಿಯಲ್ಲಿ ಹೆಸರು, ಬಣ್ಣದ ನಂಬರು.
ಮಾಸ್ಕ್ ರೋಡಿನ ಒಂದು ಮಹಡಿಮೆಟ್ಟಿಲ ಕೆಳಗೆ
ಮೂವತ್ತೊಂದು ವರ್ಷ ಮೇಣ ಕರಗಿಸಿ
ಮುಖ ನೋಡದವರ ನಗು ತಿದ್ದಿದ್ದೇನೆ.

ಹಾಗಾಗಿ ಕಾರ್ಬೊರೇಟರು ಬಿಚ್ಚಿದಾಗ
ಕೈ ತಾನಾಗಿ ಎತ್ತಿಕೊಂಡದ್ದು ಸ್ಪ್ಯಾನರಲ್ಲ,
ಹಲ್ಲುಸಂದಿ ಕೆರೆಯುವ ಕೊಕ್ಕೆ.
ಜೆಟ್ಟಿನ ತೂತು ಕೂದಲೆಳೆಯಷ್ಟು.
ಹಳೇ ಪೆಟ್ರೋಲು ಅಂಟಾಗಿ, ಅಂಟು ಗಾರೆಯಾಗಿ
ಹೊಗೆಸೊಪ್ಪು ಅಗಿದವರ ದವಡೆಯ ಹಾಗೆ ಕೂತಿತ್ತು.
ಸಂಜೆಗೊಂದೊಂದು ಭಾಗ
ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆ, ಇಡ್ಲಿಹಿಟ್ಟಿನ ಬೋಗುಣಿಯಲ್ಲಿ.
ಆ ಜಗಳ ಇಲ್ಲಿ ಬೇಡ.

ಜೆ.ಸಿ. ರೋಡಿನಲ್ಲಿ ಬೆಲ್ಟು ಸಿಕ್ಕಿತು, ಹಿಟ್ಟಿನ ಗಿರಣಿಯದು.
ಕಂಡೆನ್ಸರು ಯಾವುದೋ ಸ್ಕೂಟರಿನದು.
ಮ್ಯಾಗ್ನೆಟೊ ಬೆರಳಿಗೆ ಎರಡು ಸಲ ಒದ್ದು
ತಾನಿನ್ನೂ ಸತ್ತಿಲ್ಲ ಅಂತ ತಿಳಿಸಿತು.
ಗೇರಿನ ಪೆಟ್ಟಿಗೆ ತೆರೆದೆ:
ಹಲ್ಲುಚಕ್ರಕ್ಕೆ ಒಂದು ಹಲ್ಲಿಲ್ಲ.

ನಕ್ಕುಬಿಟ್ಟೆ, ಒಬ್ಬನೇ, ರಾತ್ರಿ ಹನ್ನೊಂದಕ್ಕೆ.
ಪಕ್ಕದ ಹಲ್ಲಿನ ಅಚ್ಚು ತೆಗೆದು ಗುಲಾಬಿ ಮೇಣ ಸುರಿದೆ.
ಕಾಮಾಕ್ಷಿಪಾಳ್ಯದ ಲೇತಿನಲ್ಲಿ ವೀರಭದ್ರಾಚಾರಿ
ಅದನ್ನು ಬೆಳಕಿಗೆ ಹಿಡಿದು
"ದವಡೆಯೋ, ಕೋರೆಯೋ?" ಅಂದ.
ಹಿತ್ತಾಳೆ ತುಂಬಿ, ಅರ ಹಾಕಿ ಉಜ್ಜಿ ಕೊಟ್ಟ.
ಕಪ್ಪು ಸಾಲಿನಲ್ಲಿ ಒಂದೇ ಒಂದು ಚಿನ್ನದ ಹಲ್ಲು.
ಹಣ ಮುಟ್ಟಲಿಲ್ಲ. ಅವನ ತಾಯಿಯ ಕೆಳಸೆಟ್ಟು ಸಡಿಲವಂತೆ.

ಹಗ್ಗದ ಹದಿನೇಳನೇ ಎಳೆತಕ್ಕೆ ಕೆಮ್ಮಿತು,
ಹದಿನೆಂಟಕ್ಕೆ ಗಲ್ಲಿಯ ನಾಯಿಗಳೆಲ್ಲ ಎದ್ದವು.
ಆದರೆ ಓಡಿಸುವುದೆಲ್ಲಿ?
ಗೇಟಿನಿಂದ ಟ್ರಾನ್ಸ್‌ಫಾರ್ಮರಿನವರೆಗೆ,
ಮತ್ತೆ ಹಿಂದುಹಿಂದಕ್ಕೆ ಗೇಟಿಗೆ.
ಮೂರನೇ ಭಾನುವಾರ, ಸದ್ದು ಹಿಡಿದು
ಸವರಿಮುತ್ತು ಬಂದ, ಸಮಾಧಿತೋಟ ಕಾಯುವವನು.
"ನವೆಂಬರ್ ಎರಡಕ್ಕೆ ಎಲ್ಲರೂ ಹೂ ತರ್ತಾರೆ ಸಾರ್.
ಇಡೋಕೆ ಕಲ್ಲೇ ಕಾಣಲ್ಲ.
ಕಾಂಟ್ರಾಕ್ಟಿನವನು ಕೈ ಕೊಟ್ಟ."

ಬಿಸಿಲು ಬಲಿಯುವ ಮೊದಲು, ಮೊದಲನೇ ಗೇರಿನಲ್ಲಿ
ಸಾಲುಗಳ ನಡುವೆ ಹೋದೆ.
ಹುಲ್ಲು ಮಲಗಿದ ಹಾಗೆ ಹೆಸರುಗಳು ಎದ್ದವು.
ಲೂರ್ದಮ್ಮಾಳ್.
ನಿಲ್ಲಿಸಿದೆ.
ಗೊತ್ತು ಈ ಹೆಸರು: ಮೇಲೂ ಕೆಳಗೂ ಪೂರ್ತಿ ಸೆಟ್ಟು,
"ಮುಂದಿನೆರಡರ ಮಧ್ಯೆ ಸಂದಿ ಬೇಕು, ಮುಂಚೆ ಇದ್ದ ಹಾಗೆ"
ಅಂತ ಚೀಟಿಯಲ್ಲಿ ಬರೆಸಿದ್ದರು.
ಬಿಟ್ಟಿದ್ದೆ, ಅಕ್ಕಿಕಾಳಿನಷ್ಟು.
ಆಚೆ ಪೀಟರ್ ಚಿನ್ನಪ್ಪ, ಎರಡು ಸಲ ತಿರುಗಿ ಬಂದಿತ್ತು ಅವರದು,
ಶ ಅನ್ನುವಾಗ ಸಿಳ್ಳೆ ಬರುತ್ತದೆ ಅಂತ.
ಇನ್ನೆಷ್ಟು ಜನವೋ ಈ ಹುಲ್ಲಿನಡಿ.
ಮಿಕ್ಕದ್ದೆಲ್ಲ ಮಣ್ಣಾದರೂ
ಅಕ್ರಿಲಿಕ್ಕು ಮಣ್ಣಾಗುವುದಿಲ್ಲ.
ನಾನು ಕೂರಿಸಿದ ಹಾಗೇ ಇರುತ್ತದೆ, ಸಂದಿ ಸಮೇತ.

"ಕೆಟ್ಟೋಯ್ತಾ ಸಾರ್?" ದೂರದಿಂದ ಸವರಿಮುತ್ತು.
ಇಲ್ಲವೆಂದು ಕೈಯಾಡಿಸಿ
ಕ್ಲಚ್ಚು ಬಿಟ್ಟೆ.
ಒಳಗೆಲ್ಲೋ ಹಿತ್ತಾಳೆಯ ಹಲ್ಲು, ಸುತ್ತಿಗೊಂದು ಸಲ,
ಟಕ್ಕೆಂದು ಕಚ್ಚುತ್ತಿತ್ತು, ಬಿಡುತ್ತಿತ್ತು.