ಟಿಕೆಟ್ಟಿನ ಹಿಂದೆ ಬರೆದದ್ದು

ಇಪ್ಪತ್ತೆರಡು ವರ್ಷ ನಾನು ಹೇಳಿದ್ದು ಒಂದೇ ಮಾತು:
ಮುಂದೆ ನಡೀರಿ, ಒಳಗೆ ಜಾಗ ಇದೆ.
ಜಾಗ ಇರುತ್ತಿರಲಿಲ್ಲ.

ಈಗ ಲಿಂಗರಾಜಪುರದ ಮಹಡಿ ಮೇಲೆ
(ಕೆಳಗೆ ಹೊಲಿಗೆ ಮಿಷನ್ ರಿಪೇರಿ, ಮೇಲೆ ತಗಡಿನ ಸೂರು)
ಒಲಿಂಡಾ ಮೇಡಂ ಹೇಳುತ್ತಾರೆ:
ಎಲ್ಲೂ ಹೋಗಬೇಡಿ ಚಿಕ್ಕತಾಯಮ್ಮ,
ಇಲ್ಲೇ ಇರಿ, ಈ ಉಸಿರಲ್ಲಿ.
ನನಗೆ ನಗು. ನಿಂತರೆ
ಹಿಂದಿನ ಗಾಡಿಯವನು ಹಾರ್ನ್ ಹೊಡೆಯುವುದಿಲ್ಲವೆ?

ನಾಲ್ಕು ವರ್ಷದ ತರಬೇತಿ, ಇದು ಮೂರನೆಯದು.
ಪಿ.ಎಫ್. ತೆಗೆಸಿ ಕಟ್ಟಿದ ಫೀಸು.
ತಿಂಗಳಿಗೊಂದು ಶನಿವಾರ ಭಾನುವಾರ
ಹದಿನಾಲ್ಕು ಕುರ್ಚಿ ದುಂಡಗೆ:
ಹಲ್ಲಿನ ಡಾಕ್ಟರು ಇಳಂಗೋವನ್,
ಶಾಲೆ ಬಿಟ್ಟ ಟೀಚರು ನುಸ್ರತ್,
ಮತ್ತೆ ನಾನು, ಡಿಪೋದ ಹೆಣ್ಣುಮಕ್ಕಳ ಅಳು ಕೇಳಿ ಕೇಳಿ
ಅಂಚೆಯಲ್ಲಿ ಎಂ.ಎ. ಮಾಡಿದವಳು.

ಪಾಠ ಇಂಗ್ಲಿಷಿನಲ್ಲಿ.
ಏನು ಫೀಲ್ ಆಗ್ತಿದೆ? ಮೈಯಲ್ಲಿ ಎಲ್ಲಿ?
ಎಲ್ಲರೂ ಕಣ್ಣು ಮುಚ್ಚಿ ತಡಕುತ್ತಾರೆ
ಕಳೆದ ಬೀಗದ ಕೈ ಹುಡುಕುವ ಹಾಗೆ.
ನಮ್ಮವ್ವ ಯಾವ ಕೋರ್ಸು ಮಾಡಿದ್ದಳು?
ಹೊಟ್ಟೆ ಉರೀತದೆ ಅಂದಳು, ಕರುಳು ಚುರುಕ್ ಅಂತು ಅಂದಳು,
ಗಂಟಲು ಕಟ್ಟಿತು, ಎದೆ ಝಲ್ಲಂತು, ಕೈಕಾಲು ಆಡಲಿಲ್ಲ.
ವಿಳಾಸ ಮೊದಲೇ ಬರೆದಿಟ್ಟ ಲಕೋಟೆಗಳು.
ಒಳಗೆ ಏನಿತ್ತೋ
ಯಾರೂ ಒಡೆದು ನೋಡಲಿಲ್ಲ.

ಬಾಕಿ ಉಳಿದದ್ದು ಎಂಬುದೊಂದು ಪಾಠ.
ಮುಗಿಯದ ಸಂಗತಿ ಫುಟ್‌ಬೋರ್ಡಿನಲ್ಲೇ ಜೋತಾಡುತ್ತದಂತೆ,
ಇಳಿಯುವುದಿಲ್ಲ, ಒಳಕ್ಕೂ ಬರುವುದಿಲ್ಲ.
ಇದನ್ನು ನನಗೆ ಹೇಳಿಕೊಡಬೇಕೆ?
ಟಿಕೆಟ್ಟಿನ ಹಿಂದೆ ಎಷ್ಟು ಸಾವಿರ ಸಲ ಬರೆದಿಲ್ಲ,
ಎಂಟು, ಮೂವತ್ತೈದು, ಎಂಬತ್ತೆರಡು,
ಸುತ್ತ ಒಂದು ಸೊನ್ನೆ ಗೀಚಿ
ಇಳಿಯುವಾಗ ಇಸ್ಕೊಳ್ಳಿ ಅಂದಿಲ್ಲ?
ಕೇಳದೆ ಇಳಿದವರ ಚಿಲ್ಲರೆ
ರಾತ್ರಿ ಚೀಲ ಸುರುವಿದಾಗ
ಲೆಕ್ಕದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

ಮೊನ್ನೆ ಖಾಲಿ ಕುರ್ಚಿಗೆ ನನ್ನ ಸರದಿ.
ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ,
ಬೆನ್ನ ಮೇಲೆ ಬಿಳಿ ಪೇಂಟಿನಲ್ಲಿ ಅಂಗಡಿ ಹೆಸರು.
ಯಾರನ್ನು ಕೂರಿಸ್ತೀರಿ?
ತೀರಿಹೋದ ಗಂಡ ಬಂದಾನು ಎಂದು
ಸೆರಗು ಸರಿಮಾಡಿಕೊಂಡೆ.
ಬರಲಿಲ್ಲ.
ಬಂದವಳು, ಕೊಡಿಗೇಹಳ್ಳಿ ಗೇಟಿನಲ್ಲಿ ನಾನು ಇಳಿಸಿದವಳು.
ಹೆಂಗಸರಿಗೆ ಉಚಿತ ಇಲ್ಲದ ಕಾಲ. ರಾತ್ರಿ ಒಂಬತ್ತೂವರೆ.
ಕೈಯಲ್ಲಿ ಆಸ್ಪತ್ರೆ ಚೀಟಿ, ಆರು ರೂಪಾಯಿ ಕಮ್ಮಿ.
ಚೆಕಿಂಗಿನವರು ಹತ್ತಿದರೆ ಮೆಮೊ ನನಗೆ.
ಸೀಟಿ ಊದಿದೆ.

ಕುರ್ಚಿ ಬದಲಿಸಿ, ಅಂದರು ಮೇಡಂ.
ಅವಳ ಜಾಗದಲ್ಲಿ ಕೂತೆ. ಪ್ಲಾಸ್ಟಿಕ್ಕು ಬೆಚ್ಚಗಿತ್ತು, ನನ್ನಾಣೆ.
ನನ್ನ ಬಾಯಿಂದ ಅವಳು ಅಂದಳು:
ಅಕ್ಕಾ, ನೀವು ನನ್ನ ಕೈ ನೋಡಿದಿರಿ.
ಮುಖ ನೋಡಲಿಲ್ಲ.
ಅಷ್ಟೆ. ಬೈಯಲಿಲ್ಲ, ಕ್ಷಮಿಸಲೂ ಇಲ್ಲ.
ಕೆಳಗೆ ಯಾರೋ ರಿಪೇರಿಯಾದ ಮಿಷನ್ನು ತುಳಿದು ನೋಡುತ್ತಿದ್ದರು,
ಟರ್ರನೆ, ಬಟ್ಟೆಯಿಲ್ಲದೆ.

ಮೇಡಂ ಅರ್ಥ ಬಿಡಿಸಲಿಲ್ಲ.
ನಿಮ್ಮ ಎಡಗೈ ಏನು ಮಾಡ್ತಿದೆ? ಅಂದರು.
ನೋಡಿದೆ:
ಉದ್ದಕ್ಕೆ ಮಡಿಸಿದ ನೋಟುಗಳನ್ನು
ಬೆರಳ ಸಂದಿನಲ್ಲಿ ಹಿಡಿದ ಹಾಗೆ
ಬರಿಗೈ ಬಿಗಿದಿತ್ತು.
ಬಿಡಿಸಲು ಬಲಗೈ ಬೇಕಾಯಿತು.

ಈ ಬುಧವಾರ ಮೊದಲ ಕ್ಲಯಂಟು.
ವಿಲ್ಸನ್ ಗಾರ್ಡನ್ನಿನಲ್ಲಿ ಗಂಟೆಗೆ ಇನ್ನೂರರ ರೂಮು.
ಹುಡುಗ, ಹತ್ತೊಂಬತ್ತಿರಬಹುದು,
ಕೈ ಮುಂದೆ ಮಾಡಿ ಉಗುರು ನೋಡಿಕೊಂಡ.
ನಾನು ಮುಖ ನೋಡಿದೆ.
ಹೊರಗೆ ಸ್ಟಾಪಿನಲ್ಲಿ ಬಸ್ಸೊಂದು ಉಸ್ಸೆಂದು ನಿಂತಿತು,
ಬಾಗಿಲು ಮುಚ್ಚಿಕೊಂಡು ಹೋಯಿತು.
ಇನ್ನೊಂದು ಬಂತು. ಅದೂ ಹೋಯಿತು.
ರೈಟ್ ಅನ್ನುವ ನಾಲಿಗೆಯನ್ನು
ಹಲ್ಲಿನ ಹಿಂದೆ ಕೂರಿಸಿದೆ.

ಲಾಗ್ ಪುಸ್ತಕದಲ್ಲಿ ತುಂಬಿದೆ:
ಬೇಕಾದದ್ದು ನಾನೂರೈವತ್ತು ಗಂಟೆ. ಆದದ್ದು ಒಂದು.
ನಡೆದದ್ದೇನು ಎಂಬ ಕಾಲಮ್ಮಿನಲ್ಲಿ:
ಇಪ್ಪತ್ತು ನಿಮಿಷ ಅವನು ಮಾತಾಡಲಿಲ್ಲ. ನಾನೂ.
ಆಮೇಲೆ, ನಿಮಗೆ ಅರ್ಜೆಂಟ್ ಏನೂ ಇಲ್ವಾ? ಅಂದ.
ಇಲ್ಲ, ಅಂದೆ.

ಸೀರೆಯ ಅಂಚಿನಡಿ ಕಾಲು ಕುಣಿಯುತ್ತಿದ್ದದ್ದು
ಅದರಲ್ಲಿ ಬರೆದಿಲ್ಲ.
ಬರೆಯಬೇಕು.