ಒಂಬತ್ತನೇ ಲೈನು

ಹೌದು ಸ್ವಾಮಿ, ಈ ಅಕ್ಷರ ನನ್ನದೇ.
ಗವರ್ನರ್ ಬಂಗಲೆಯ ಸ್ವಿಚ್‌ಬೋರ್ಡಿನಲ್ಲಿ ಇಪ್ಪತ್ತೆರಡು ವರ್ಷ.
ಹೆಸರು ಕನೆಂಗ್. ಅಪ್ಪ ದಾಚುಂಗ್, ತವರದ ಗಣಿಯಲ್ಲಿದ್ದವನು.
ಒಂಬತ್ತನೇ ಲೈನು ಜನರದು. ಕಾರ್ಡಿನಲ್ಲಿ ಹಾಗೇ ಅಚ್ಚಾಗಿತ್ತು,
ಸಾಹೇಬರ ನಗುಮೊಗದ ಕೆಳಗೆ: ಹಗಲಿರುಳು.

ಆ ದಿನ ಸಹಾರಾ ಕಡೆಯಿಂದ ಹರ್ಮಟ್ಟಾನ್ ಬೀಸುತ್ತಿತ್ತು.
ಹೊಗೆ ಯಾವುದು ಧೂಳು ಯಾವುದು
ಕಣ್ಣಿಗೆ ತಿಳಿಯಲಿಲ್ಲ. ಕಿವಿಗೆ ತಿಳಿಯಿತು.

ಮೊದಲ ಕರೆ ಎಂಟೂ ಹತ್ತಕ್ಕೆ,
ದರ್ಜಿ ತಂಕೊ, ಮಸೀದಿ ಹಿಂದಿನ ಓಣಿ.
ಹನ್ನೆರಡನೆಯದು ಪಾದ್ರಿಯ ಹೆಂಡತಿ, ಆಲೂಗೆಡ್ಡೆ ಸಂತೆಯ ಆಚೆ.
ಅವನು ಹೌಸಾದಲ್ಲಿ, ಅವಳು ಬೆರೋಮಿನಲ್ಲಿ;
ಬಾಗಿಲು ಮುರಿಯುವ ಸದ್ದು ಮಾತ್ರ ಒಂದೇ ಭಾಷೆಯದು.

ಸಮಯ, ಹೆಸರು, ಓಣಿ. ಮೂರು ಕಾಲಮ್ಮು ನಾನು ತುಂಬಿದ್ದು.
ನಾಲ್ಕನೆಯದು 'ಸಾಹೇಬರ ಗಮನಕ್ಕೆ'.
ಅಲ್ಲಿರುವ ಹಸಿರು ಗೀಟು ನನ್ನದಲ್ಲ.
ಆ ಬಂಗಲೆಯಲ್ಲಿ ಹಸಿರು ಶಾಯಿ ಒಬ್ಬರ ಜೇಬಿನಲ್ಲಷ್ಟೇ ಇತ್ತು.

ನಲವತ್ತೊಂದು ಕರೆ. ನಲವತ್ತೊಂದು ಗೀಟು.

'ಲೈನಿನಲ್ಲೇ ಇರಿ' ಎಂದೆ ಎಲ್ಲರಿಗೂ.
ಕಾಯುವವರಿಗೆಂದು ಒಂದು ಪಿಯಾನೊ ತುಣುಕು ಹಾಕಿಸಿದ್ದರು,
ಮಕ್ಕಳ ಹುಟ್ಟುಹಬ್ಬದಲ್ಲಿ ನುಡಿಸುವಂಥದ್ದು.
ತಂಕೊ ಅದನ್ನು ಹನ್ನೊಂದು ನಿಮಿಷ ಕೇಳಿದ.
ಆಮೇಲೆ ಪಿಯಾನೊ ಒಂದೇ ಇತ್ತು.

ಪೆಟ್ರೋಲ್ ಇರಲಿಲ್ಲ ಅಂದರಲ್ಲ ನಿನ್ನೆ, ಇಲ್ಲೇ, ಪ್ರಮಾಣ ಮಾಡಿ?
ಮೂರೂಕಾಲಿಗೆ ಒಂದು ಲಾರಿ ಹೋಯಿತು. ಇಪ್ಪತ್ತು ಸೈನಿಕರು.
ಅದೇ ಓಣಿಗೆ. ತುದಿಯಲ್ಲಿ ಸಾಹೇಬರ ಷಡ್ಡಕನ ಮನೆ.
ಷಡ್ಡಕ, ಅವನ ಫ್ರಿಜ್ಜು, ಎರಡು ನಾಯಿ
ಎಲ್ಲ ಹತ್ತಿಸಿಕೊಂಡು ಬಂದರು.
ದರ್ಜಿಯ ಅಂಗಡಿ ದಾರಿಯಲ್ಲೇ ಸಿಗುತ್ತದೆ,
ಹೋಗುವಾಗಲೂ, ಬರುವಾಗಲೂ.

ಬೇಲಿಯೇ ಎದ್ದು ಹೊಲ ಮೇಯಿತು ಅಂತ ನಾನು ಹೇಳುವುದಿಲ್ಲ.
ಬೇಲಿ ಮೇಯಲಿಲ್ಲ. ಬೇಲಿ ಮಲಗಿತು
ಅಷ್ಟೆ.
ಮಲಗುತ್ತದೆಂದು ದನಕ್ಕೆ ಮುಂಚೆಯೇ ಯಾರೋ ಹೇಳಿದ್ದರು.
ಯಾರು ಅನ್ನುವುದು ರಿಜಿಸ್ಟರಿನಲ್ಲಿಲ್ಲ;
ಒಳಗಿಂದ ಹೊರಹೋಗುವ ಕರೆ ಬರೆದಿಡುವ ಪದ್ಧತಿ ನಮ್ಮಲ್ಲಿರಲಿಲ್ಲ.

ನಾನು ಯಾವ ಕಡೆಯವಳು ಅಂತ ವಕೀಲರು ಕೇಳಿದರು.
ಬರೆದುಕೊಳ್ಳಲಿ: ಮೂವತ್ತಾರನೇ ಕರೆ ನನ್ನ ತಮ್ಮನದು.
ದನಿಯ ಗುರುತು ಸಿಕ್ಕರೂ ಹೆಸರು ಕೇಳಿದೆ. ನಿಯಮ.
ಓಣಿ ಕೇಳಿದೆ, ನಾನು ಹುಟ್ಟಿದ ಓಣಿ.
ಲೈನಿನಲ್ಲೇ ಇರು ಅಂದೆ.

ಈಗ ಚಹಾಕ್ಕೆ ಬಿಟ್ಟಿದ್ದಿರಲ್ಲ,
ಮೊಗಸಾಲೆಯಲ್ಲಿ ಅವರೇ ಎದುರಾದರು.
ಬಿಳಿ ನಿಲುವಂಗಿ, ಇಸ್ತ್ರಿ ಮುರಿದಿರಲಿಲ್ಲ.
ನಿಂತರು. ಹೆಸರು ಮರೆತಿರಲಿಲ್ಲ.
'ಕನೆಂಗ್, ಅಮ್ಮ ಹೇಗಿದ್ದಾರೆ?'

ಇಪ್ಪತ್ತೆರಡು ವರ್ಷ ಪಳಗಿದ ನಾಲಗೆ ಸ್ವಾಮಿ,
ನನ್ನನ್ನೊಂದು ಮಾತು ಕೇಳದೆ ಹೇಳಿಬಿಟ್ಟಿತು:
'ಚೆನ್ನಾಗಿದ್ದಾರೆ ಸಾರ್,
ನಿಮ್ಮ ದಯೆ.'